ಹೆಸರು ಮುಚ್ಚಿಟ್ಟು ಮಾವು ಆರಿಸೋಣ: ಕೋಲಾರ ಸೀಮೆಯ ಹಣ್ಣುಗಳ ಹೋಲಿಕೆ

ಜೂನ್ ತಿಂಗಳಲ್ಲಿ ಚಿಂತಾಮಣಿಯಿಂದ ಶ್ರೀನಿವಾಸಪುರದ ಕಡೆ ಹೊರಟರೆ ರಸ್ತೆಬದಿಯ ಬುಟ್ಟಿಗಳಲ್ಲಿರುವ ಹಳದಿ ಹಣ್ಣಿಗೆಲ್ಲ ಹೆಚ್ಚುಕಡಿಮೆ ಒಂದೇ ಹೆಸರು. “ಇದು ಯಾವ ಹಣ್ಣಮ್ಮ?” ಅಂತ ಕೇಳಿದರೆ “ಬಾದಾಮಿ ಸಾರ್, ತಿಂದು ನೋಡಿ” ಅನ್ನುತ್ತಾರೆ. ಮಾರುವವರು ಬೇಕಂತಲೇ ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುವುದಿಲ್ಲ. ತಾತನ ಕಾಲದಲ್ಲಿ ನೆಟ್ಟ ತೋಟದಲ್ಲಿ ನಾಲ್ಕಾರು ಜಾತಿ ಬೆರೆತಿರುತ್ತವೆ, ಕಸಿ ಗಿಡ ತಂದವರು ಈಗಿಲ್ಲ, ಫಸಲನ್ನು ಹೂವಿನಲ್ಲೇ ಗುತ್ತಿಗೆ ಹಿಡಿದ ವ್ಯಾಪಾರಿ ಕಿತ್ತ ಕಾಯನ್ನೆಲ್ಲ ಒಟ್ಟಿಗೆ ಕ್ರೇಟಿಗೆ ತುಂಬಿರುತ್ತಾನೆ. ಹಣ್ಣು ಬುಟ್ಟಿಗೆ ಬರುವಷ್ಟರಲ್ಲಿ ಅದರ ಹೆಸರು ಎಲ್ಲೋ ದಾರಿಯಲ್ಲಿ ಕಳೆದುಹೋಗಿರುತ್ತದೆ. ಬೆಲೆ ಬರುವ ಹೆಸರು ಬಾದಾಮಿ, ಹಾಗಾಗಿ ಅದನ್ನೇ ಇಡುತ್ತಾರೆ.

ನಾವು ಕೆಲವು ಗೆಳೆಯರು ಮಾವಿನ ಕಾಲ ಬಂತೆಂದರೆ ಹೀಗೆ ಜಾತಿ ಗೊತ್ತಿಲ್ಲದ ಹಣ್ಣುಗಳನ್ನು ಒಟ್ಟುಮಾಡಿ, ಯಾವುದು ಯಾವುದೆಂದು ತಿಳಿಯದ ಹಾಗೆ ಹೋಳು ಮಾಡಿಸಿಕೊಂಡು ತಿಂದು, ಅನ್ನಿಸಿದ್ದನ್ನು ಬರೆದಿಡುತ್ತೇವೆ. ತೋಟಗಾರಿಕೆ ಓದಿದವರು ನಮ್ಮಲ್ಲಿ ಯಾರೂ ಇಲ್ಲ. ಹೀಗೆ ತಿನ್ನುತ್ತಾ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ ಒಂದೇ: ಹದವಾಗಿ ಮಾಗಿದ ಹಣ್ಣಿಗೂ ಅವಸರದಲ್ಲಿ ಮಾಗಿಸಿದ ಹಣ್ಣಿಗೂ ಇರುವ ಅಂತರ, ಎರಡು ಜಾತಿಗಳ ನಡುವಿನ ಅಂತರಕ್ಕಿಂತ ದೊಡ್ಡದು. ಸುಮಾರಾದ ಬಾದಾಮಿಗಿಂತ ಚೆನ್ನಾಗಿ ಮಾಗಿದ ಬೇನಿಷಾ (ಬಂಗನಪಲ್ಲಿ) ಮೇಲು. ಅದಕ್ಕೇ ಆರಿಸುವಾಗ ಮೊದಲು ಮಾಗಿದ ಬಗೆ, ಆಮೇಲೆ ಹಣ್ಣು ಯಾವ ಕೆಲಸಕ್ಕೆ ಅನ್ನುವುದು, ಹೆಸರು ಎಲ್ಲಕ್ಕಿಂತ ಕೊನೆಗೆ.

ಮಾಗಿದ್ದು ಹೇಗೆ?

ಮಾವು ಕಿತ್ತ ಮೇಲೂ ಹಣ್ಣಾಗುತ್ತದೆ. ಬಲಿತ ಕಾಯಿಯೊಳಗೆ ಕೂಡಿಕೊಂಡ ಪಿಷ್ಟ ಆಮೇಲೆ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ಪರಿಮಳ ಹುಟ್ಟುತ್ತದೆ. ಎಳೆಯದಾಗಿ ಕಿತ್ತ ಕಾಯಿಯಲ್ಲಿ ಆ ಪಿಷ್ಟ ಸಾಲದು. ಅದನ್ನು ಯಾವ ವಿಧಾನದಲ್ಲಿ ಮಾಗಿಸಿದರೂ ಸಿಪ್ಪೆಗೆ ಬಣ್ಣ ಬರುತ್ತದೆ, ತಿರುಳಿಗೆ ರುಚಿ ಬರುವುದಿಲ್ಲ. ಆದ್ದರಿಂದ ಮಾಗಿಸಿದ ವಿಧಾನ ಕೇಳುವ ಮೊದಲು ಕಾಯಿ ಬಲಿತಿತ್ತೇ ಅಂತ ನೋಡಬೇಕು. ಅದರ ಗುರುತು ತೊಟ್ಟಿನ ಸುತ್ತ ಇರುತ್ತದೆ. ಬಲಿತ ಕಾಯಿಯ ಹೆಗಲುಗಳು ತುಂಬಿಕೊಂಡು ತೊಟ್ಟಿಗಿಂತ ಮೇಲೆ ಏಳುತ್ತವೆ, ತೊಟ್ಟು ಸಣ್ಣ ಗುಳಿಯೊಳಗೆ ಕೂತ ಹಾಗೆ ಕಾಣುತ್ತದೆ. ಎಳೆ ಕಾಯಿಯಲ್ಲಿ ಹೆಗಲು ಇಳಿಜಾರಾಗಿರುತ್ತದೆ. ಕಾಯಿಯನ್ನೇ ಕೊಂಡು ಮನೆಯಲ್ಲಿ ಮಾಗಿಸುವವರು ಒಂದು ಬಕೆಟ್ ನೀರಿಗೆ ಹಾಕಿ ನೋಡಿ. ಬಲಿತದ್ದು ಮುಳುಗುತ್ತದೆ, ತೇಲುವುದನ್ನು ಉಪ್ಪಿನಕಾಯಿಗೋ ಗೊಜ್ಜಿಗೋ ಎತ್ತಿಡಿ.

ನಮ್ಮ ಕಡೆ ಸಿಗುವ ಹಣ್ಣು ಮೂರು ದಾರಿಯಲ್ಲಿ ಮಾಗಿರುತ್ತದೆ. ಮೊದಲನೆಯದು ಹುಲ್ಲಿನಲ್ಲಿ ಅಡೆ ಹಾಕಿದ್ದು. ಒಣ ಭತ್ತದ ಹುಲ್ಲು ಹಾಸಿ, ತೊಟ್ಟು ಕೆಳಮುಖ ಮಾಡಿ, ಒಂದಕ್ಕೊಂದು ಒತ್ತದ ಹಾಗೆ ಜೋಡಿಸಿ, ಮೇಲೆ ಮತ್ತೆ ಹುಲ್ಲು. ಹಣ್ಣು ತಾನೇ ಬಿಡುವ ಎಥಿಲೀನ್ ಎಂಬ ಅನಿಲ ಅಲ್ಲೇ ನಿಂತು ಉಳಿದವನ್ನೂ ಮಾಗಿಸುತ್ತದೆ. ಎಲ್ಲ ಒಂದೇ ದಿನ ಆಗುವುದಿಲ್ಲ, ದಿನಾ ಒಂದೆರಡು ಎತ್ತಬೇಕು. ಅಂಗಡಿಯವರಿಗೆ ಈ ಪುರುಸೊತ್ತಿಲ್ಲ, ಮನೆಗೆ ಇದಕ್ಕಿಂತ ಒಳ್ಳೆಯದಿಲ್ಲ.

ಎರಡನೆಯದು ಎಥಿಲೀನ್ ಕೋಣೆ. ಕಾನೂನು ಒಪ್ಪಿದ ವಿಧಾನ, 100 ಪಿಪಿಎಂವರೆಗೆ (ಹತ್ತು ಲಕ್ಷ ಭಾಗ ಗಾಳಿಗೆ ನೂರು ಭಾಗ) ಅನಿಲ ಬಿಡಬಹುದು, ಕೋಣೆಯ ತಂಪು 20–24 ಡಿಗ್ರಿಯ ಆಸುಪಾಸು ಇದ್ದರೆ ಹಣ್ಣು ಒಂದೇ ಸಮನೆ ಬಣ್ಣ ತಿರುಗುತ್ತದೆ. ಇದರ ಬಗ್ಗೆ ಜನರಿಗೆ ಸುಮ್ಮನೆ ಅನುಮಾನ. ಹಣ್ಣಿನಿಂದಲೇ ಹೊರಡುವ ಅನಿಲವನ್ನು ಹೊರಗಿನಿಂದ ಕೊಡುತ್ತಾರೆ, ಅಷ್ಟೆ. ಬಲಿತ ಕಾಯಿ ಇಟ್ಟಿದ್ದರೆ ಹುಲ್ಲಿನ ಹಣ್ಣಿಗೂ ಇದಕ್ಕೂ ರುಚಿಯಲ್ಲಿ ಹೆಚ್ಚು ಅಂತರ ಕಂಡಿಲ್ಲ, ಪರಿಮಳದಲ್ಲಿ ಮಾತ್ರ ಹುಲ್ಲಿನದು ಕೊಂಚ ಮುಂದೆ.

ಮೂರನೆಯದು ಕಾರ್ಬೈಡ್. 2011ರ ಆಹಾರ ಸುರಕ್ಷತೆಯ ನಿಯಮದಲ್ಲಿ ಇದಕ್ಕೆ ನಿಷೇಧವಿದೆ. ಕ್ಯಾಲ್ಸಿಯಂ ಕಾರ್ಬೈಡಿಗೆ ತೇವ ತಾಗಿದರೆ ಅಸಿಟಿಲೀನ್ ಅನಿಲ ಹೊರಟು ಕಾಯನ್ನು ಮಾಗಿಸುತ್ತದೆ. ಅಗ್ಗದ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಕಲಬೆರಕೆ ಇರುತ್ತದೆ. ಇದನ್ನು ಬಣ್ಣದಿಂದ ಹಿಡಿಯಬಹುದು ಅಂತ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಎಥಿಲೀನ್ ಕೋಣೆಯ ಹಣ್ಣೂ ಪೂರ್ತಿ ಹಳದಿಯೇ. ನಂಬಬಹುದಾದದ್ದು ಮೂಗು. ಸಿಪ್ಪೆ ಬಂಗಾರದ ಬಣ್ಣ, ಕೈಗೆ ಗಟ್ಟಿ, ತೊಟ್ಟಿನ ಹತ್ತಿರ ಮೂಸಿದರೆ ಏನೂ ಇಲ್ಲ, ಹೆಚ್ಚಿದರೆ ಓಟೆಯ ಸುತ್ತ ಬೆಳ್ಳಗೆ ಹುಳಿ: ಹೀಗಿದ್ದರೆ ಕಾರಣ ಯಾವುದೇ ಇರಲಿ, ಆ ಹಣ್ಣು ಬೇಡ.

ಮೂಸುವ ಜಾಗವೂ ಮುಖ್ಯ. ಕೆನ್ನೆ ಮೂಸಿದರೆ ಬುಟ್ಟಿಯ ವಾಸನೆ ಬರುತ್ತದೆ. ತೊಟ್ಟು ಕಳಚಿದ ಜಾಗಕ್ಕೆ ಮೂಗು ಹಿಡಿಯಬೇಕು. ಅಲ್ಲಿ ಸಿಹಿಯ ಜೊತೆ ಸೊನೆಯ ಸಣ್ಣ ಘಾಟು ಇದ್ದರೆ ಇನ್ನೊಂದು ದಿನ ಕಾಯಬಹುದು. ಸಿಹಿ ಮಾತ್ರ ಇದ್ದರೆ ಇವತ್ತೇ ತಿನ್ನಬೇಕು. ಹುಳಿ ಹಿಟ್ಟಿನಂಥ ವಾಸನೆ ಬಂದರೆ ದಿನ ಮೀರಿದೆ.

ಹೆಸರು ಮುಚ್ಚುವ ಬಗೆ

ನಾಲಿಗೆಗೆ ಪಕ್ಷಪಾತ ಬಹಳ. ಬಾದಾಮಿ ಅಂತ ಕೇಳಿದ ಕ್ಷಣದಿಂದಲೇ ಬಾಯಿ ಅದರ ಗುಣವನ್ನು ಹುಡುಕತೊಡಗುತ್ತದೆ. ಆದ್ದರಿಂದ ಹೋಲಿಸಿ ನೋಡುವ ಆಸೆ ಇದ್ದರೆ ಒಂದಿಷ್ಟು ಶಿಸ್ತು ಬೇಕು, ಅದೇನೂ ಕಷ್ಟದ್ದಲ್ಲ.

ಹಣ್ಣು ಹೆಚ್ಚುವವರು ತಿನ್ನುವವರ ಗುಂಪಿನಲ್ಲಿ ಇರಬಾರದು. ನಮ್ಮಲ್ಲಿ ಈ ಕೆಲಸ ಅತ್ತಿಗೆಯದು. ಸಿಪ್ಪೆ ತೆಗೆದು, ಕೆನ್ನೆಯ ನಡುಭಾಗದಿಂದ ಒಂದೇ ಅಳತೆಯ ತುಂಡು ಮಾಡುತ್ತಾರೆ. ಆಕಾರ ಕಂಡರೆ ಗುಟ್ಟು ರಟ್ಟು, ತೋತಾಪುರಿಯಂತೂ ಮೂತಿಯಿಂದಲೇ ಸಿಕ್ಕಿಬೀಳುತ್ತದೆ. ತಟ್ಟೆಗೆ 1, 2, 3 ಅಂತ ಬರೆಯಬೇಡಿ, ಒಂದನ್ನು ಮೇಲು ಅಂತ ಮನಸ್ಸು ಹಿಡಿದುಬಿಡುತ್ತದೆ. 417, 862 ಥರದ ಅರ್ಥವಿಲ್ಲದ ಅಂಕಿ ಹಾಕಿ, ರುಚಿ ಪರೀಕ್ಷೆಯ ಪ್ರಯೋಗಾಲಯಗಳಲ್ಲೂ ಹೀಗೇ ಮಾಡುತ್ತಾರೆ. ತಿರುಳಿನ ಬಣ್ಣವೂ ಸುಳಿವು ಕೊಡುವುದರಿಂದ ಕಣ್ಣಿಗೆ ಟವೆಲ್ ಕಟ್ಟಿಕೊಳ್ಳುವುದೇ ಒಳ್ಳೆಯದು.

ಫ್ರಿಜ್ಜಿನಿಂದ ತೆಗೆದ ಹಣ್ಣು ಬೇಡವೇ ಬೇಡ. ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ, ಎಲ್ಲ ಹಣ್ಣೂ ಒಂದೇ ಥರ ಸಿಹಿಯಾಗಿ ಕಾಣುತ್ತದೆ. ತಿನ್ನುವ ಮುಂಚೆ ಹಣ್ಣನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ತೊಟ್ಟಿನ ಸೊನೆ ತೊಳೆದುಬಿಡಿ, ಇಲ್ಲದಿದ್ದರೆ ತುಟಿ ಕಡಿತ ಶುರುವಾಗಿ ರುಚಿಯ ಮಾತು ಅಲ್ಲಿಗೆ ಮುಗಿಯಿತು. ಕಾಫಿ, ಎಲೆಅಡಿಕೆ, ಉಪ್ಪಿನಕಾಯಿ ಆದ ಮೇಲೆ ಕೂರಬೇಡಿ. ಎರಡು ಹಣ್ಣಿನ ನಡುವೆ ಒಂದು ಗುಟುಕು ನೀರು, ಒಂದು ಹಿಡಿ ಸಪ್ಪೆ ಪುರಿ. ಒಂದು ಕೂತಿಗೆ ಐದಾರು ಬಗೆ ಸಾಕು, ಆಮೇಲೆ ಬಾಯಿ ಸಿಹಿಯಲ್ಲಿ ಮುಳುಗಿರುತ್ತದೆ.

ಮೊದಲ ತುಂಡನ್ನು ಮೂಗು ಬಿಗಿಯಾಗಿ ಹಿಡಿದು ತಿನ್ನಿ. ಆಗ ಸಿಗುವುದು ಸಿಹಿ, ಹುಳಿ, ನಾರು, ಮೆದು ಅಷ್ಟೆ. ಅಗಿಯುತ್ತಲೇ ಮೂಗು ಬಿಡಿ. ಗಂಟಲ ಹಿಂದಿನಿಂದ ಮೂಗಿಗೆ ಒಮ್ಮೆಲೇ ಏರುವುದೇ ಆ ಜಾತಿಯ ಪರಿಮಳ. ಮೂಗು ಮುಚ್ಚಿದಾಗ ಬಾದಾಮಿ ಮತ್ತು ಬೇನಿಷಾ ನಡುವೆ ಗೊಂದಲ ಮಾಡಿಕೊಂಡವರೂ ಮೂಗು ಬಿಟ್ಟ ಕೂಡಲೇ ಸರಿಯಾಗಿ ಹೇಳುವುದನ್ನು ನೋಡಿದ್ದೇನೆ. ಒಂದು ಹಣ್ಣಿನಲ್ಲಿ ಈ ಎರಡು ಹಂತಗಳ ನಡುವೆ ಏನೂ ಬದಲಾಗಲಿಲ್ಲ ಅಂದರೆ ಅದರಲ್ಲಿ ಸಕ್ಕರೆ ಇದೆ, ಮಾವು ಇಲ್ಲ.

ಇನ್ನು ತ್ರಿಕೋನ ಪರೀಕ್ಷೆ. “ನನಗೆ ಎರಡೂ ಬೇರೆ ಅಂತ ಗೊತ್ತಾಗುತ್ತೆ” ಅನ್ನುವವರಿಗೆ ಮೂರು ತುಂಡು ಕೊಡಿ. ಎರಡು ಒಂದೇ ಹಣ್ಣಿನವು, ಒಂದು ಬೇರೆಯದು. ಬೇರೆ ಯಾವುದು ಅಂತ ಹೇಳಲಿ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಮ್ಮೆ ಸರಿಯಾದರೆ ನಂಬಬಾರದು. ಸತತ ಮೂರು ಸಲ ಸರಿಯಾಗುವುದು ಊಹೆಯಲ್ಲಿ 27ಕ್ಕೆ ಒಂದು ಸಲ ಮಾತ್ರ. ಅಷ್ಟಾದರೆ ಆ ನಾಲಿಗೆಗೆ ನಿಜವಾಗಿಯೂ ವ್ಯತ್ಯಾಸ ಸಿಕ್ಕಿದೆ ಅಂತ ಒಪ್ಪಬಹುದು.

ಹತ್ತಕ್ಕೆ ಇಷ್ಟು ಅಂತ ಅಂಕ ಕೂಡಿಸುವುದು ನನಗೆ ಹಿಡಿಸದು. ಸಿಹಿಗೆ ಒಂಬತ್ತು, ಪರಿಮಳಕ್ಕೆ ನಾಲ್ಕು ಬಂದ ಹಣ್ಣೂ ಸಿಹಿಗೆ ಆರು, ಪರಿಮಳಕ್ಕೆ ಏಳು ಬಂದ ಹಣ್ಣೂ ಕೂಡಿಸಿದರೆ ಹದಿಮೂರೇ. ತಿನ್ನಲು ಎರಡೂ ಒಂದೇ ಏನು? ಸಿಹಿ–ಹುಳಿಯ ಹದ, ಪರಿಮಳ, ತಿರುಳಿನ ಮೈ, ನುಂಗಿದ ಮೇಲೆ ಉಳಿಯುವ ರುಚಿ, ಈ ನಾಲ್ಕನ್ನು ಬೇರೆ ಬೇರೆ ಬರೆಯಿರಿ. ಬ್ರಿಕ್ಸ್, ಅಂದರೆ ರಸದಲ್ಲಿ ಕರಗಿದ ಸಕ್ಕರೆಯ ಮಟ್ಟ ಅಳೆಯುವ ಕೈ ಉಪಕರಣ ಇದ್ದರೆ ಎರಡು ತೊಟ್ಟು ರಸ ಹಾಕಿ ನೋಡಬಹುದು. ತಿರುಳಿನ ಉದ್ಯಮದಲ್ಲಿ ಬಾದಾಮಿಗೆ ಕನಿಷ್ಠ 16, ತೋತಾಪುರಿಗೆ 14 ಡಿಗ್ರಿ ಅಂತ ಹಿಡಿಯುವುದು ವಾಡಿಕೆ. ಅದು ಸಿಹಿಯ ಅಂದಾಜು ಕೊಡುತ್ತದೆ, ರುಚಿಯದ್ದಲ್ಲ.

ಬಾದಾಮಿಯೋ, ರಸಪುರಿಯೋ?

ಹಳೇ ಮೈಸೂರಿನ ಮನೆಗಳಲ್ಲಿ ಮಾವಿನ ಜಗಳ ಅಂದರೆ ಇದೇ, ಹಾಗಾಗಿ ಇಲ್ಲಿ ನಿಂತು ಮಾತಾಡಬೇಕು.

ಬಾದಾಮಿ ಅಂದರೆ ಹೊರಗಿನವರ ಅಲ್ಫಾನ್ಸೊ. ಕೊಂಕಣದ ರತ್ನಗಿರಿ, ಸಿಂಧುದುರ್ಗ ಸುತ್ತಿನ ಅಲ್ಫಾನ್ಸೊಗೆ 2018ರಲ್ಲಿ ಭೌಗೋಳಿಕ ಸೂಚಕ (ಆ ಸೀಮೆಯದೇ ಹಣ್ಣು ಅನ್ನುವ ಜಿಐ ಮಾನ್ಯತೆ) ಸಿಕ್ಕಿದೆ. ಜಾತಿ ಒಂದೇ, ಮಣ್ಣು ಮತ್ತು ಗಾಳಿ ಬೇರೆ. ಅಲ್ಲಿಯದು ಮಾರ್ಚಿನಿಂದ ಬಂದು ಮೇ ತಿಂಗಳಿಗೆ ಮುಗಿಯುತ್ತದೆ, ನಮ್ಮದು ಮೇ ತಿಂಗಳಲ್ಲಿ ಶುರುವಾಗುತ್ತದೆ. ಜೂನ್ ನಡುವಿನಲ್ಲಿ ಯಾರಾದರೂ ರತ್ನಗಿರಿ ಅಂತ ದುಬಾರಿ ಬೆಲೆ ಹೇಳಿದರೆ ಈ ಲೆಕ್ಕ ನೆನಪಿಡಿ. ಒಳ್ಳೆಯ ಬಾದಾಮಿಯ ತಿರುಳು ಕೇಸರಿ ಬಣ್ಣ, ಗಟ್ಟಿ, ನಾರಿಲ್ಲ, ಚಾಕು ಹಾಕಿದರೆ ಅಂಚು ನಿಲ್ಲುತ್ತದೆ. ಪರಿಮಳ ಬಾಯಿಗಿಂತ ಮೊದಲೇ ಮೂಗಿಗೆ ತಲುಪುತ್ತದೆ, ನುಂಗಿದ ಮೇಲೂ ಸುಮಾರು ಹೊತ್ತು ಇರುತ್ತದೆ.

ಅದರ ದೊಡ್ಡ ದೋಷ ಹೊರಗೆ ಕಾಣುವುದಿಲ್ಲ. ಸ್ಪಂಜು ರೋಗ ಅನ್ನುತ್ತಾರೆ: ಹೆಚ್ಚಿದಾಗ ಓಟೆಯ ಹತ್ತಿರ ತಿರುಳು ಬಿಳಿಚಿ, ಗಾಳಿ ತುಂಬಿದ ಹಾಗೆ, ಹುಳಿ ವಾಸನೆ. ಹದ ಮೀರುವವರೆಗೆ ಮರದಲ್ಲೇ ಬಿಟ್ಟ ಹಣ್ಣಿನಲ್ಲಿ, ಕಿತ್ತು ಬಿಸಿ ನೆಲದ ಮೇಲೆ ಗುಡ್ಡೆ ಹಾಕಿದ ಹಣ್ಣಿನಲ್ಲಿ ಇದು ಹೆಚ್ಚು. ಆದ್ದರಿಂದ “ಮರದಲ್ಲೇ ಹಣ್ಣಾಗಿದ್ದು ಸಾರ್” ಅನ್ನುವ ಮಾತು ಬೇರೆ ಹಣ್ಣಿಗೆ ಹೊಗಳಿಕೆಯಾದರೂ ಬಾದಾಮಿಗೆ ಎಚ್ಚರಿಕೆ. ಡಜನ್ ಲೆಕ್ಕದಲ್ಲಿ ಕೊಳ್ಳುವ ಮುಂಚೆ ಒಂದನ್ನು ದುಡ್ಡು ಕೊಟ್ಟು ಅಲ್ಲೇ ಹೆಚ್ಚಿಸಿ ನೋಡಿ.

ರಸಪುರಿ ಹೆಸರಿಗೆ ತಕ್ಕ ಹಣ್ಣು. ಮೊಟ್ಟೆಯಾಕಾರ, ಮಧ್ಯಮ ಗಾತ್ರ, ಸಿಪ್ಪೆ ಹಸಿರು ಮಿಶ್ರಿತ ಹಳದಿ, ನೋಟಕ್ಕೆ ಅಂಥ ಚೆಲುವಿಲ್ಲ. ಒಳಗೆ ತಿರುಳಿಗಿಂತ ರಸ ಹೆಚ್ಚು. ಸಿಹಿಯ ಕೆಳಗೆ ತೆಳ್ಳಗೆ ಹುಳಿ ಹರಿಯುತ್ತಿರುತ್ತದೆ, ಅದೇ ಅದರ ಜೀವ. ಬಾದಾಮಿಯನ್ನು ಎರಡು ತಿಂದರೆ ಸಾಕೆನಿಸುತ್ತದೆ, ರಸಪುರಿಯಲ್ಲಿ ಆ ಹುಳಿಯೇ ಮತ್ತೊಂದಕ್ಕೆ ಕೈ ಹಾಕಿಸುತ್ತದೆ. ಕಣ್ಣು ಕಟ್ಟಿ ತಿಂದಾಗ ನಮ್ಮ ಗುಂಪಿನಲ್ಲಿ ಬಾದಾಮಿಯ ಅಭಿಮಾನಿಗಳೇ ಎಷ್ಟೋ ಸಲ ರಸಪುರಿಯನ್ನು ಮೇಲೆ ಇಟ್ಟಿದ್ದಾರೆ. ನನ್ನ ಓಟೂ ಅದಕ್ಕೇ.

ಆದರೆ ರಸಪುರಿ ಕಾಯುವುದಿಲ್ಲ. ಹದಕ್ಕೆ ಬಂದ ಮೇಲೆ ಒಂದೆರಡು ದಿನ, ಆಮೇಲೆ ಮೆತ್ತಗಾಗಿ ಸೋರುತ್ತದೆ. ಬೆಂಗಳೂರಿಗೋ ಮೈಸೂರಿಗೋ ಬಸ್ಸಿನಲ್ಲಿ ಕಳಿಸುವುದಿದ್ದರೆ ಬಾದಾಮಿಯ ದೋರೆಗಾಯಿ ಕಳಿಸಿ. ಸೀಕರಣೆಗೆ, ಒಬ್ಬಟ್ಟಿನ ಜೊತೆಗೆ, ಅಥವಾ ಹಣ್ಣನ್ನು ಹಿಸುಕಿ ತೊಟ್ಟಿನ ಕಡೆಯಿಂದ ಹೀರಿಕೊಂಡು ತಿನ್ನುವ ಮಕ್ಕಳಿಗೆ ರಸಪುರಿಯೇ ಬೇಕು. ಬಾದಾಮಿಯ ಸೀಕರಣೆ ಚೆನ್ನಾಗಿರುತ್ತದೆ, ಆದರೆ ಬೆಲ್ಲ, ಏಲಕ್ಕಿ, ಹಾಲು ಸೇರಿದ ಮೇಲೆ ಅದರ ಸೂಕ್ಷ್ಮ ಪರಿಮಳವೆಲ್ಲ ಅಡಗಿಹೋಗುತ್ತದೆ. ಕೊಟ್ಟ ದುಡ್ಡು ದಂಡ.

ಬೇನಿಷಾ ಮತ್ತು ಮಲ್ಲಿಕಾ

ಬೇನಿಷಾ ಅಂದರೆ ಬಂಗನಪಲ್ಲಿ. ಆಂಧ್ರದ ಹಣ್ಣು, 2017ರಲ್ಲಿ ಆ ರಾಜ್ಯಕ್ಕೆ ಭೌಗೋಳಿಕ ಸೂಚಕ ಬಂತು. ಗಡಿಯ ಈಚೆ ನಮ್ಮ ತೋಟಗಳಲ್ಲೂ ಬೇಕಾದಷ್ಟಿದೆ. ದೊಡ್ಡ ಹಣ್ಣು, ತೆಳು ಸಿಪ್ಪೆ, ಮಾಸಲು ಹಳದಿಯ ಮೇಲೆ ಸಣ್ಣ ಚುಕ್ಕೆಗಳು, ನಾರಿಲ್ಲದ ಗಟ್ಟಿ ತಿರುಳು. ನೇರವಾದ ಸಿಹಿ, ಹುಳಿ ಬಹಳ ಕಡಿಮೆ, ಪರಿಮಳ ಸೌಮ್ಯ. ಹುಳಿ ಆಗದ ಹಿರಿಯರಿಗೆ, ಹೋಳು ಮಾಡಿ ಹಂಚುವ ಸಮಾರಂಭಕ್ಕೆ, ಕೆಲವು ದಿನ ಇಟ್ಟು ತಿನ್ನುವವರಿಗೆ ಇದು ಸರಿ. ರಸ್ತೆಬದಿಯಲ್ಲಿ ದೊಡ್ಡ ಬಾದಾಮಿ ಅಂತ ತೋರಿಸುವ ಹಣ್ಣು ಹಲವು ಸಲ ಇದೇ ಆಗಿರುತ್ತದೆ. ಹಾಗೆಂದು ಬಿಡಬೇಕಿಲ್ಲ, ಬೇನಿಷಾ ಬೆಲೆಗೆ ಕೇಳಿ ಕೊಳ್ಳಿ.

ಮಲ್ಲಿಕಾ ಅನ್ನುವುದು ನೀಲಂ ಮತ್ತು ದಶೇರಿ ಜಾತಿಗಳನ್ನು ಕೂಡಿಸಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಮಾಡಿದ ತಳಿ, 1970ರ ದಶಕದ ಆರಂಭದ್ದು. ಉದ್ದನೆಯ ಹಣ್ಣು, ತೆಳ್ಳಗಿನ ಓಟೆ, ಅಂದರೆ ಅದೇ ತೂಕಕ್ಕೆ ತಿರುಳು ಜಾಸ್ತಿ. ಕಿತ್ತಳೆ ಬಣ್ಣದ ತಿರುಳಿನಲ್ಲಿ ಜೇನಿನಂಥ ದಟ್ಟ ಸಿಹಿ. ಮಲ್ಲಿಕಾ ತಿಂದು ಸಪ್ಪೆ ಅಂದವರನ್ನು ವಿಚಾರಿಸಿದರೆ ಅವಸರಪಟ್ಟಿರುತ್ತಾರೆ. ಇದು ನಿಧಾನವಾಗಿ ಮಾಗುವ ಹಣ್ಣು, ಬಲಿತ ಕಾಯಿಗೂ ಹತ್ತು ದಿನ, ಎರಡು ವಾರ ಬೇಕಾಗಬಹುದು. ಸಿಪ್ಪೆ ಹಳದಿಯಾದ ಮೇಲೂ ಕಾದು, ಕೊಂಚ ಸುಕ್ಕು ಬಿದ್ದ ಮೇಲೆ ಹೆಚ್ಚಿ. ಜೂನ್ ಕೊನೆಯಲ್ಲಿ ಬಾದಾಮಿ ಮುಗಿಯುತ್ತಾ ಬಂದಾಗ ನಾನು ಕೊಳ್ಳುವುದು ಇದನ್ನೇ. ಬೇನಿಷಾಗಿಂತ ಮಲ್ಲಿಕಾದಲ್ಲಿ ಹೇಳಲು ಹೆಚ್ಚು ಇದೆ, ಕಾಯುವ ತಾಳ್ಮೆ ಇರಬೇಕು.

ಉಳಿದವು

ಮಲಗೋವಾ ಮತ್ತು ಇಮಾಂ ಪಸಂದ್ ಎರಡೂ ದೊಡ್ಡ ಹಣ್ಣು, ಎರಡೂ ದುಬಾರಿ. ಮಲಗೋವಾ ದುಂಡಗೆ, ದಪ್ಪ ಸಿಪ್ಪೆ, ಸಣ್ಣ ಓಟೆ, ಹೋಳು ಹೋಳಾಗಿ ತಿನ್ನುವ ಹಣ್ಣು. ಇಮಾಂ ಪಸಂದ್ ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಇರುವುದರಿಂದ ಗೊತ್ತಿಲ್ಲದವರು ಕಾಯಿ ಅಂತ ಬಿಟ್ಟುಬಿಡುತ್ತಾರೆ. ಒಳಗೆ ಕೆನೆ, ಜೊತೆಗೆ ನಿಂಬೆಯ ಕಡೆಗೆ ಹೋಗುವ ಒಂದು ನವಿರಾದ ವಾಸನೆ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಯೋಚಿಸದೆ ಇಮಾಂ ಪಸಂದ್. ಕೈಯಿಂದ ಮೆಲ್ಲಗೆ ಒತ್ತಿ ಹದ ತಿಳಿಯಬೇಕು, ಬಣ್ಣದ ಮೇಲೆ ಭರವಸೆ ಬೇಡ.

ಸೆಂದೂರ ಹೆಗಲ ಮೇಲೆ ಕೆಂಪು ಹತ್ತಿದ ಸಣ್ಣ ಹಣ್ಣು, ಬೇಗ ಬರುತ್ತದೆ, ಅಗ್ಗ, ಸಿಹಿ, ಅಷ್ಟಕ್ಕೇ ಮುಗಿಯುತ್ತದೆ. ಕಾಲಾಪಾಡಿ ನೋಡಲು ಕಡುಹಸಿರು, ಪುಟ್ಟದು, ತಿಂದರೆ ಅಚ್ಚರಿ ಆಗುವಷ್ಟು ಸಿಹಿ. ಕಂಡರೆ ಬಿಡಬೇಡಿ. ನೀಲಂ ಜುಲೈಯದ್ದು. ಪರಿಮಳದಲ್ಲಿ ಬಾದಾಮಿಗೂ ಸವಾಲು ಹಾಕುವಂಥದ್ದು, ಆದರೆ ಓಟೆಹುಳದ ಕಾಟ ಇದಕ್ಕೆ ಹೆಚ್ಚು. ಹುಳ ಪುಟ್ಟ ಕಾಯಿಯಲ್ಲೇ ಒಳಹೊಕ್ಕು ಓಟೆ ಸೇರುವುದರಿಂದ ಹೊರಗೆ ತೂತು ಮಾಸಿಹೋಗಿರುತ್ತದೆ, ಹೆಚ್ಚಿದ ಮೇಲೆಯೇ ಗೊತ್ತಾಗುವುದು. ಹಿಸುಕಿ ಹೀರುವ ಅಭ್ಯಾಸವನ್ನು ನೀಲಂ ಹತ್ತಿರ ಬಿಡಿ, ಚಾಕುವಿನಲ್ಲೇ ತಿನ್ನಿ. ಮಳೆ ಹಿಡಿದ ಮೇಲೆ ಯಾವ ಹಣ್ಣಿಗೂ ಹಣ್ಣುನೊಣ ಬೀಳುತ್ತದೆ. ಸೂಜಿಮೊನೆಯಷ್ಟು ಚುಕ್ಕೆಯ ಸುತ್ತ ಒದ್ದೆ ಇದ್ದರೆ ಕೆಳಗಿಡಿ.

ತೋತಾಪುರಿಗೆ ಹಣ್ಣಿನ ಪಂಕ್ತಿಯಲ್ಲಿ ಮರ್ಯಾದೆ ಸಿಗುವುದಿಲ್ಲ, ಅದು ಅನ್ಯಾಯ. ಗಿಣಿಮೂತಿಯ ಈ ಕಾಯಿ ಕೋಲಾರ ಜಿಲ್ಲೆಯ ಮಾವಿನ ಬೆನ್ನೆಲುಬು. ವರ್ಷವಿಡೀ ಹರಿಯುವ ನದಿಯಿಲ್ಲದ, ಮಳೆ ನಂಬಿದ ಈ ಹೊಲಗಳಲ್ಲಿ ತೋಟ ಉಳಿದಿರುವುದೇ ಇದರಿಂದ. ಹೆಚ್ಚಿನ ಪಾಲು ಗಡಿಯಾಚೆಯ ಚಿತ್ತೂರು, ಕೃಷ್ಣಗಿರಿಯ ತಿರುಳು ಕಾರ್ಖಾನೆಗಳಿಗೆ ಹೋಗುತ್ತದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಬರದಂತೆ ತಡೆದಾಗ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿಯಬೇಕಾಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಇದನ್ನು ಬಾದಾಮಿಯ ಪಕ್ಕ ಇಟ್ಟು ಹಣ್ಣಾಗಿ ತೂಗುವುದೇ ತಪ್ಪು. ದೋರೆಗಾಯಿಯಾಗಿ ಉದ್ದುದ್ದ ಸೀಳಿ, ಉಪ್ಪು ಖಾರದಪುಡಿ ಹಚ್ಚಿದರೆ ಇದಕ್ಕೆ ಎದುರಾಳಿಯಿಲ್ಲ, ಮಾವಿನಕಾಯಿ ಚಿತ್ರಾನ್ನಕ್ಕೂ ಅಷ್ಟೇ. ಬೇರೆ ಜಾತಿಯ ಕಾಯಿ ಬರೀ ಹುಳಿ, ಇದರಲ್ಲಿ ಹುಳಿಯ ಜೊತೆ ಕಾಯಿಯಲ್ಲೇ ಒಂದು ಸಿಹಿ ಇದೆ.

ಮನೆಗೆ ತಂದ ಮೇಲೆ: ಮಾಗದ ಕಾಯಿ ಫ್ರಿಜ್ಜಿಗೆ ಬೇಡ. 12–13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪಾಗಿ ಹಣ್ಣಾಗುವ ಶಕ್ತಿಯೇ ಹೋಗುತ್ತದೆ. ಪೂರ್ತಿ ಮಾಗಿದ್ದನ್ನು ಒಂದೆರಡು ದಿನ ಇಡಬಹುದು, ತಿನ್ನುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ.

ನಿಜಕ್ಕೂ ಹೆಸರಿಲ್ಲದ ಹಣ್ಣು

ಇಲ್ಲಿಯವರೆಗೆ ಹೇಳಿದ್ದು ಹೆಸರು ಕಳೆದುಕೊಂಡ ಹಣ್ಣುಗಳ ವಿಷಯ. ಹೆಸರೇ ಇಲ್ಲದವೂ ಇವೆ. ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಹಳೇ ತೋಪುಗಳಲ್ಲಿ ಓಟೆಯಿಂದ ಹುಟ್ಟಿದ ನಾಟಿ ಮರಗಳು. ನಮ್ಮ ದೇಶದ ಹೆಚ್ಚಿನ ಮಾವಿನ ಜಾತಿಗಳಲ್ಲಿ ಓಟೆಯಿಂದ ಬಂದ ಗಿಡ ತಾಯಿಯಂತೆ ಇರುವುದಿಲ್ಲ, ಆದ್ದರಿಂದ ಪ್ರತಿ ನಾಟಿ ಮರವೂ ಲೋಕದಲ್ಲಿ ತಾನೊಂದೇ. ಬಹುಪಾಲು ನಾರು, ಹುಳಿ, ಸಣ್ಣ ಗಾತ್ರ. ಆದರೆ ಅಲ್ಲೊಂದು ಇಲ್ಲೊಂದು ಮರದ ಹಣ್ಣು ಕಣ್ಣು ಕಟ್ಟಿದ ಸಾಲಿನಲ್ಲಿ ಬಾದಾಮಿಯನ್ನೂ ಮಲ್ಲಿಕಾವನ್ನೂ ಹಿಂದೆ ಹಾಕುತ್ತದೆ. ನಾರಿದ್ದರೆ ಅದನ್ನೇ ದೊಡ್ಡ ದೋಷವೆಂದು ಹಿಡಿಯಬೇಡಿ. ಹಿಸುಕಿ ಹೀರುವ ಹಣ್ಣಿಗೆ ನಾರು ಅಡ್ಡಿಯಲ್ಲ, ಪರಿಮಳ ಮತ್ತು ಕೊನೆಯ ರುಚಿ ನೋಡಿ.

ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಬಾದಾಮಿ ನಾವು ತಿಂದರೂ ಬಿಟ್ಟರೂ ಉಳಿಯುತ್ತದೆ. ಬದುವಿನ ಮರವನ್ನು ರಸ್ತೆ ಅಗಲ ಮಾಡಲು ಕಡಿದರೆ ಆ ರುಚಿ ಮತ್ತೆ ಎಲ್ಲೂ ಸಿಗದು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರ ಜಮೀನಿನಲ್ಲಿದ್ದ ಒಂದೇ ಒಂದು ಹಲಸಿನ ಮರ, ತಾಮ್ರದ ಕೆಂಪು ತೊಳೆಯ, ಎರಡೂವರೆ ಕೆಜಿ ತೂಗುವ ಪುಟ್ಟ ಹಣ್ಣಿನ ಮರ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಣ್ಣಿಗೆ ಬಿದ್ದು ‘ಸಿದ್ದು’ ಎಂಬ ತಳಿಯಾಯಿತು. ಇವತ್ತು ಅದರ ಕಸಿ ಗಿಡಗಳು ಊರೂರಲ್ಲಿವೆ. ರೈತರು ತಮ್ಮದೇ ತಳಿಯನ್ನು ನೋಂದಾಯಿಸಿಕೊಳ್ಳಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅವಕಾಶವಿದೆ. ಮಾವಿಗೂ ಅದೇ ದಾರಿ ತೆರೆದಿದೆ.

ಹಾಗಾಗಿ ಒಳ್ಳೆಯ ನಾಟಿ ಹಣ್ಣು ಸಿಕ್ಕಿದರೆ ಮಾರುವವರನ್ನು “ಅಕ್ಕ, ಇದು ಯಾವ ಊರಿನ ಮರದ್ದು?” ಅಂತ ಕೇಳಿ, ಮರದವರೆಗೂ ಹೋಗಿ ಬನ್ನಿ. ಊರು, ಹೊಲದ ಗುರುತು, ಹಣ್ಣು ಬಂದ ತಿಂಗಳು, ಮಾಗಲು ಹಿಡಿದ ದಿನ, ನಾಲ್ಕು ಸಾಲಿನಲ್ಲಿ ರುಚಿ ಬರೆದಿಡಿ. ಮರದವರು ಒಪ್ಪಿದರೆ ಜುಲೈ–ಆಗಸ್ಟಿನಲ್ಲಿ ಹೂ ಬಿಡದ, ಮೂರು ನಾಲ್ಕು ತಿಂಗಳು ಬಲಿತ ರೆಂಬೆ ಆರಿಸಿ, ಕೊಯ್ಯುವ ವಾರ ಹತ್ತು ದಿನ ಮೊದಲೇ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಬೇಕು, ಮೊಗ್ಗು ಉಬ್ಬಿದ ಮೇಲೆ ಕಡ್ಡಿ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ಅದೇ ದಿನ ಕಸಿ ಕಟ್ಟುವವರ ಕೈಗೆ ಮುಟ್ಟಿಸಬೇಕು. ಒಂದಕ್ಕೆ ನಾಲ್ಕೈದು ಗಿಡ ಕಟ್ಟಿಸಿ, ಎರಡನ್ನು ಮರದವರಿಗೇ ಕೊಡಿ. ನಾಲ್ಕೈದು ವರ್ಷಕ್ಕೆ ಹಣ್ಣು ಬಿಡುತ್ತದೆ.